ತಾಳಪ್ಪನಿಗೆ ಒಬ್ಬ ಪೂಜಾರಿ

ನುಗ್ಗೇಹಳ್ಳಿ ಕಡೆಯ ಆ ಊರಿನ ದೇವರು ತಾಳಪ್ಪನಿಗೆ ಕಣ್ಣಿಲ್ಲ, ಮೂಗಿಲ್ಲ, ಗುಡಿಗೆ ಚಾವಣಿಯೂ ಇಲ್ಲ. ಹಿಂದೊಮ್ಮೆ ಹೆಜ್ಜೇನು ಮೈಯೆಲ್ಲ ಮುತ್ತಿದರೂ ಕದಲದೆ ನಿಂತು ಕಲ್ಲಾದನಂತೆ. ಓಡಿಹೋಗಿದ್ದರೆ ಮನುಷ್ಯನಾಗಿಯೇ ಉಳಿಯುತ್ತಿದ್ದನಲ್ಲ ಎಂದು ಚಿಕ್ಕಯ್ಯನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು; ಅನ್ನಿಸಿದ ಕೂಡಲೇ ಕೆನ್ನೆ ಬಡಿದುಕೊಳ್ಳುತ್ತಿದ್ದ.

ಪೂಜಾರಿಯಾಗಿದ್ದ ಅವನ ಅಪ್ಪ ೧೯೫೮ರ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡ. ಮುಂದಿನ ಪೂಜಾರಿಯನ್ನು ಆರಿಸುವ ಕ್ರಮ ಒಂದೇ: ಮನೆತನದ ಗಂಡಸರು ಬೆನ್ನಿಗೆ, ಸೋಕಿದರೆ ನವೆಯೇಳುವ ನಸುಗುನ್ನಿ ಕಾಯಿಯ ಸುಂಕು ತಿಕ್ಕಿಸಿಕೊಂಡು ಕಲ್ಲಿನ ಮುಂದೆ ನಿಲ್ಲಬೇಕು. ಕೆರೆಯಲು ಮೊದಲು ಕೈ ಹಾಕಿದವನು ಸೋತ. ಗೆದ್ದವನು ಸಾಯುವ ತನಕ ದಿನಾ ಸಂಜೆ ದೀಪ ಹಚ್ಚಬೇಕು. ಒಂದು ರಾತ್ರಿಯೂ ಊರಾಚೆ ಉಳಿಯುವಂತಿಲ್ಲ.

ಈ ಸಲ ಇದ್ದದ್ದು ಇಬ್ಬರೇ. ದೊಡ್ಡಪ್ಪನ ಮಗ ಬೈರಯ್ಯನಿಗೆ ಪೂಜಾರಿಕೆ ಬೇಕೇ ಬೇಕು. ಚಿಕ್ಕಯ್ಯನಿಗೆ ಬೇಡವೇ ಬೇಡ. ಸೋಮವಾರ ಹಾಸನದ ಕಚೇರಿಯೊಂದರಲ್ಲಿ ಜವಾನನ ಕೆಲಸಕ್ಕೆ ಹಾಜರಾಗಬೇಕೆಂಬ ಕಾಗದ ಅವನ ಟ್ರಂಕಿನಲ್ಲಿತ್ತು.

"ಬೇಕೂಂತ ಕೆರ್ಕಂಡು ಸೋತ್ಬುಟ್ರೆ?" ಎಂದು ಬೆಳಿಗ್ಗೆ ಅವ್ವನನ್ನು ಕೇಳಿದ್ದ.

"ನವೆ ಬರ್ದೆ ಕೆರ್ಕಂಡ್ರೆ ದ್ಯಾವ್ರಿಗೇ ಸುಳ್ಳೇಳ್ದಂಗೆ ಕಣ್ಲಾ," ಎಂದಿದ್ದಳು ಮಾಯಮ್ಮ. "ಬಂದ್ರೆ ಕೆರ್ಕೋ. ಯಾರ್ ಬ್ಯಾಡ ಅಂದೋರು?"

ಬಂದೇ ಬರುತ್ತದೆಂಬ ಧೈರ್ಯದಲ್ಲಿ ನಿಂತ. ಊರ ಯಜಮಾನ ಸಣ್ಣಯ್ಯ ಇಬ್ಬರ ಬೆನ್ನಿಗೂ ಸುಂಕು ತಿಕ್ಕಿದ. ಬೈರಯ್ಯ ಆಗಲೇ ನಿಂತಲ್ಲೇ ಕುಣಿಯತೊಡಗಿದ. ಚಿಕ್ಕಯ್ಯನಿಗೆ ಮಾತ್ರ ಕಾಗದದ್ದೇ ಯೋಚನೆ. ಸೋಮವಾರ ಹೋಗದಿದ್ದರೆ ಬೇರೆಯವನನ್ನು ಕರೆದುಬಿಡುತ್ತಾರೆಯೇ? ಹೋದರೆ ಸಾಹೇಬರಿಗೆ ಕೈ ಮುಗಿಯಬೇಕೋ, ಸಲಾಮು ಹೊಡೆಯಬೇಕೋ? ಈ ಯೋಚನೆಯ ಮುಂದೆ ನವೆ ಬಂದಿತ್ತೋ ಇಲ್ಲವೋ, ಅವನಿಗೆ ಗೊತ್ತೇ ಆಗಲಿಲ್ಲ. ‘ತಾಳಪ್ಪಾ, ಒಂದಿಷ್ಟು ನವೆ ಕೊಡಪ್ಪ, ಕಾಯಿ ಒಡೀತೀನಿ’ ಎಂದು ಬೇಡಿಕೊಂಡ. ಆ ಸರಕು ತಾಳಪ್ಪನ ಹತ್ತಿರ ಇರಲಿಲ್ಲವೇನೋ.

"ಚಿಕ್ಕಯ್ಯ ಅಪ್ಪನ್ನೇ ಮೀರ್ಸ್‌ಬುಟ್ಟ ಕಣ್ರಲಾ!" ಎಂದರು ಜನ. ಹೊಗಳಿದಷ್ಟೂ ಅವನು ಹರಕೆಗೆ ಒಂದೊಂದೇ ಕಾಯಿ ಏರಿಸಿದ.

ಪಕ್ಕದಲ್ಲಿ ಬೈರಯ್ಯ ಹಲ್ಲು ಕಡಿಯುತ್ತಿದ್ದ. ಕಣ್ಣಲ್ಲಿ ನೀರು.

"ಸತ್ತೋಯ್ತೀನಿ ಕಣ್ಲಾ ಚಿಕ್ಕ."

"ತಡ್ಕಣಣ್ಣ, ನಿನ್ ಕಾಲಿಗ್ ಬೀಳ್ತೀನಿ."

"ನಿಂಗೇನ್ಲಾ, ನಿಂದು ಎಮ್ಮೆ ಚರ್ಮ!"

ಬೈರಯ್ಯನ ಬಲಗೈ ಮೇಲೆದ್ದಿತು. ಚಿಕ್ಕಯ್ಯನಿಗೆ ನೋಡಲಾಗಲಿಲ್ಲ. ಆ ಕೈ ಬೆನ್ನು ಮುಟ್ಟುವ ಮೊದಲೇ ನುಗ್ಗಿ, ಅಣ್ಣನ ಬೆನ್ನನ್ನು ಹತ್ತೂ ಉಗುರಿನಿಂದ ಪರಪರನೆ ಕೆರೆದುಬಿಟ್ಟ.

"ಆಹಾ... ಇನ್ನೊಸಿ ಕೆಳೀಕೆ," ಎಂದ ಬೈರಯ್ಯ.

ಇಂಥದ್ದನ್ನು ಯಾರೂ ಕಂಡಿರಲಿಲ್ಲ. "ಬೆನ್ನು ಬೈರಂದು, ಸೋತೋನೂ ಬೈರನೇ," ಎಂದು ಯಾರೋ ಕೂಗಿದರು. ಚಿಕ್ಕಯ್ಯ ಸಣ್ಣಯ್ಯನ ಮುಂದೆ ಹೋಗಿ ನಿಂತ.

"ಕೈ ನಂದಲ್ವಾ ಯಜಮಾನ್ರೇ?" ಎಂದ, ಅಳುವವನಂತೆ.

ಸಣ್ಣಯ್ಯ ತಾಳಪ್ಪನ ಕಡೆ ನೋಡಿದ. ತಾಳಪ್ಪ ಎಂದಿನಂತೆ ಯಾವುದಕ್ಕೂ ತಲೆ ಹಾಕಲಿಲ್ಲ.

"ಮೊದ್ಲು ಕೈ ಆಕ್ದೋನು ಸೋತ ಅಂತ ನಮ್ ತಾತ ಏಳಿರಾದು," ಎಂದ ಸಣ್ಣಯ್ಯ. "ಯಾರ್ ಬೆನ್ನಿಗೆ ಅಂತ ಏಳಿಲ್ಲ. ಬೈರನೇ ಪೂಜಾರಿ."

ಸೋಮವಾರ ರಸ್ತೆ ಬದಿಯಲ್ಲಿ ನಿಂತಾಗ ಚಿಕ್ಕಯ್ಯನ ಮುಖ ಬಾಡಿತ್ತು.

"ಅವ್ವಾ, ನಾನು ಅಯ್ಯೋ ಪಾಪ ಅಂತ ಕೆರೆದ್ನೋ, ಕೆಲ್ಸುದ್ ಆಸೆಗೆ ಕೆರೆದ್ನೋ?"

"ಅವನ್ ನವೆ ಓಯ್ತೋ ಇಲ್ವೋ?" ಎಂದಳು ಮಾಯಮ್ಮ. "ಬಸ್ಸು ಬಂತು, ಓಗು."