ಎರಡನೆಯ ಸಾರಿಯ ಹಡಗು

ನೆರೆಯ ದೇಶವಾದ ಲಾ ರವೀನ್ ದ್ವೀಪದ ಬೆಟ್ಟ ಹೊಗೆ ಉಗುಳತೊಡಗಿದ ಮೂರನೆಯ ದಿನ ಯುಫೆಮಿ ಶಾರ್ಲೆರಿ ತನ್ನ ದೇಶ ಸೇಂಟ್ ಮೆದಾರ್‌ನ ಬಂದರಿನಲ್ಲಿ ಹಡಗು ಹತ್ತಿದಳು. ಚರ್ಮದ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಹುರಿದ ದೀವಿಹಲಸು, ಮಂತ್ರಿಯ ಸಹಿ ಬಿದ್ದ ಒಂದು ಪತ್ರ ಇದ್ದವು.

ವಿದೇಶಾಂಗ ಕಚೇರಿಯಲ್ಲಿ ಅವಳದು ಇಪ್ಪತ್ತಾರು ವರ್ಷದ ನೌಕರಿ. ಕಚೇರಿಯೆಂದರೆ ಅಂಚೆಮನೆಯ ಮೇಲಿನ ಐದು ಕೋಣೆ. ಅದರಲ್ಲಿ ನೆರವಿನ ವಿಭಾಗವೆಂದರೆ ಯುಫೆಮಿ ಮತ್ತು ಅವಳ ಮೇಜು. ಬಹಳ ಕಾಲ ಆ ಮೇಜಿನ ಕೆಲಸ ಪಡೆದುಕೊಳ್ಳುವುದಷ್ಟೇ ಆಗಿತ್ತು. ಚಂಡಮಾರುತ ಬಂದು ಹೋದಾಗಲೆಲ್ಲ ದೊಡ್ಡ ದೇಶಗಳಿಂದ ತಗಡು, ಅಕ್ಕಿ, ಔಷಧಿ ಬರುತ್ತಿದ್ದವು. ಅವಳು ಕೃತಜ್ಞತೆಯ ಪತ್ರ ಬರೆಯುತ್ತಿದ್ದಳು. ಬರೆದೂ ಬರೆದೂ ಅವಳಿಗೆ ಬೇಸರ ಹತ್ತಿತ್ತು. ಅವಳು ಒಂಬತ್ತು ವರ್ಷದವಳಿದ್ದಾಗ ಗಾಳಿ ಅವರ ಮನೆಯ ಚಾವಣಿಯನ್ನು ಹೊತ್ತೊಯ್ದಿತ್ತು. ದೊಡ್ಡ ದೇಶಗಳ ಹಡಗು ಬರಲು ಹನ್ನೊಂದು ದಿನ ಹಿಡಿದಿತ್ತು. ಲಾ ರವೀನ್‌ನ ಮೀನುಗಾರರು ಮಾತ್ರ ಮರುದಿನವೇ ದೋಣಿ ತುಂಬ ನೀರು, ಕೆಸುವಿನ ಗಡ್ಡೆ ಹೇರಿಕೊಂಡು ಬಂದಿದ್ದರು. ಅದನ್ನು ಅವಳು ಮರೆತಿರಲಿಲ್ಲ.

ಹಾಗಾಗಿ ಎರಡು ವರ್ಷದ ಹಿಂದೆ, ಯಾರೂ ಹೇಳದೆಯೇ, ದೇಶಕ್ಕೊಂದು ನೆರವಿನ ನೀತಿಯನ್ನು ಅವಳು ಬರೆಯತೊಡಗಿದಳು. ಹದಿನಾಲ್ಕು ಪುಟ. ಅದರ ನಾಲ್ಕನೆಯ ಕಲಮು ಅವಳ ಪ್ರಾಣ: ನೆರೆಯ ದ್ವೀಪದಲ್ಲಿ ವಿಪತ್ತು ಒದಗಿದರೆ ಅಲ್ಲಿಯ ಜನರನ್ನು ಕಾಗದಪತ್ರ ಕೇಳದೆ ಬರಮಾಡಿಕೊಳ್ಳತಕ್ಕದ್ದು. ಮಂತ್ರಿ ಲಿಯಾಂಡರ್ ಮಾಥುರಿನ್ ಅದನ್ನು ಓದಿ ಕುರ್ಚಿಯಿಂದ ಎದ್ದು ಬಂದು ಅವಳನ್ನು ತಬ್ಬಿಕೊಂಡಿದ್ದ. ಇಬ್ಬರೂ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಫೆಮಿ, ಇದು ನಮ್ಮ ದೇಶದ ಮುಖ ಕಣೇ," ಎಂದಿದ್ದ. "ಒಂದೇ ಒಂದು ಸಾಲು ಸೇರಿಸು. ವಿಪತ್ತು ಅಂದ್ರೆ ಏನು ಅನ್ನೋದನ್ನ ಮಂತ್ರಿಮಂಡಲ ತೀರ್ಮಾನ ಮಾಡುತ್ತೆ ಅಂತ. ಸುಮ್ನೆ ಕಾನೂನಿನವರ ಬಾಯಿ ಮುಚ್ಚಿಸೋಕೆ."

ಅವಳು ಸೇರಿಸಿದಳು. ತಾನೇ ಟೈಪು ಮಾಡಿದಳು.

ಹಡಗು ಹೊರಡುವ ಬೆಳಿಗ್ಗೆ ಲಿಯಾಂಡರ್ ಬಂದರಿಗೇ ಬಂದಿದ್ದ. "ನಾನು ಹೋದ್ರೆ ಫೋಟೋ ತೆಗೆಸಿಕೊಳ್ಳೋಕೆ ಬಂದ ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ಮೊದಲ ಸಾರಿ ಹೆಂಗಸರು, ಮಕ್ಕಳು, ಕಾಯಿಲೆಯವರು. ಒಂದು ದಿನ ಬಿಟ್ಟು ಉಳಿದವರಿಗೆ ಹಡಗು ಮತ್ತೆ ಬರುತ್ತೆ. ನೀನು ಅಲ್ಲೇ ಇರು, ಆಗ ಅವರಿಗೆ ಧೈರ್ಯ."

ಲಾ ರವೀನ್‌ನ ದಕ್ಷಿಣ ತುದಿಯ ಶಾಲೆಯಂಗಳದಲ್ಲಿ ಮುನ್ನೂರ ಎಪ್ಪತ್ತಮೂರು ಜನ ಸೇರಿದ್ದರು. ಎಲ್ಲರ ತಲೆಯ ಮೇಲೂ ಬೂದಿ; ಎಳೆಯರು ಯಾರು, ಮುದುಕರು ಯಾರು ಎಂದು ತಿಳಿಯದ ಹಾಗೆ. ಯುಫೆಮಿ ಒಂದು ಬೆಂಚಿನ ಮೇಲೆ ನಿಂತು ಪತ್ರವನ್ನು ಅವರ ಮಾತಿನಲ್ಲೇ ಓದಿದಳು: ಬೆಟ್ಟ ತಣ್ಣಗಾಗುವವರೆಗೆ ಸೇಂಟ್ ಮೆದಾರ್ ನಿಮ್ಮೆಲ್ಲರ ಮನೆ.

ಹಿಂದಿನಿಂದ ಒಬ್ಬ ಎತ್ತರದ ಆಳು ಕೂಗಿದ. "ಮಿಸ್, ಕಾಗದ ಚೆನ್ನಾಗಿ ದಪ್ಪ ಇದೆ. ಎರಡು ಮೀನು ಕಟ್ಟಬಹುದು. ಅದು ಬಿಟ್ಟು ಬೇರೆ ಉಪಯೋಗ ಇದೆಯಾ?"

ಜನ ನಕ್ಕರು. ಮೂರು ದಿನದಲ್ಲಿ ಮೊದಲ ಸಲ ನಕ್ಕಿರಬೇಕು. ಅವನು ಒಝಾನ್, ಮೀನುಗಾರ. ಪಕ್ಕದಲ್ಲಿ ಹೆಂಡತಿ ಮಾರಿವಾನ್ ಸೊಂಟದ ಮೇಲೆ ಕೂಸು ಹೊತ್ತು ನಿಂತಿದ್ದಳು. ಆರು ವರ್ಷದ ಮಗಳು ಸೋಲಿನ್ ಅವನ ಬೆರಳು ಹಿಡಿದಿದ್ದಳು.

ಸಭೆ ಮುಗಿದ ಮೇಲೆ ಅವನು ಅವಳ ಹತ್ತಿರ ಬಂದ. ದನಿ ಈಗ ಬೇರೆಯಾಗಿತ್ತು. "ಮಿಸ್, ನನ್ನ ದೋಣಿ ಇದೆ. ಚಿಕ್ಕದು. ಇವತ್ತೇ ಹೊರಟ್ರೆ ನನ್ನ ಸಂಸಾರ, ನಮ್ಮ ಅಮ್ಮ, ಪಕ್ಕದ ಮನೆಯವರು, ಎಲ್ಲರನ್ನೂ ಒಟ್ಟಿಗೆ ದಾಟಿಸಬಲ್ಲೆ. ಸಮುದ್ರ ನನಗೆ ಗೊತ್ತು. ಹೋಗ್ಲಾ, ಇರ್ಲಾ? ನೀವೇ ಹೇಳಿ."

ಯುಫೆಮಿ ಅವನ ದೋಣಿಯನ್ನು ನೋಡಿದಳು. ಎರಡು ಕಡೆ ತೇಪೆ ಹಾಕಿದ ಹಳೆಯ ಮರದ ದೋಣಿ. ಅದರಲ್ಲಿ ಕೂಸನ್ನು ಕೂರಿಸಿಕೊಂಡು ಮೂರು ಗಂಟೆಯ ಹಾದಿ.

"ಬೇಡಪ್ಪಾ," ಎಂದಳು. "ಹೆಂಡತಿ ಮಕ್ಕಳನ್ನ, ನಿಮ್ಮಮ್ಮನ್ನ ಈ ಹಡಗಿನಲ್ಲಿ ಕಳಿಸು. ನೀನು ನಾಡಿದ್ದು ನನ್ನ ಜೊತೆ ಬಾ. ನಾನೂ ಇಲ್ಲೇ ಇರ್ತೀನಲ್ಲ."

"ಇದು ಮಂತ್ರಿ ಮಾತೋ, ನಿಮ್ಮ ಮಾತೋ?"

"ನನ್ನ ಮಾತು."

"ಹಾಗಾದ್ರೆ ಆಯ್ತು," ಎಂದು ಅವನು ಹೋಗಿ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿದ. ಅದನ್ನು ನೋಡಿ ಉಳಿದವರೂ ತಮ್ಮ ದೋಣಿಗಳನ್ನು ಕಟ್ಟಿದರು.

ಇನ್ನೂರ ಹತ್ತು ಜನ ಆ ದಿನ ಹೊರಟರು. ಮಾರಿವಾನ್ ಹಡಗಿನ ಡೆಕ್ಕಿನ ಮೇಲೆ ನಿಂತು ಕೂಸಿನ ಕೈ ಹಿಡಿದು ದಡದತ್ತ ಬೀಸಿಸುತ್ತಿದ್ದಳು. ಹಡಗಿನ ಕಪ್ತಾನ ಇಗ್ನೇಸ್ ಹತ್ತುವ ಹಲಗೆ ಎಳೆದುಕೊಳ್ಳುವ ಮುಂಚೆ ಯುಫೆಮಿಯನ್ನು ಕೇಳಿದ, "ನೀವು ಹತ್ತಲ್ವಾ ಮಿಸ್?"

"ನಾಡಿದ್ದು ಬರ್ತೀನಿ."

ಅವನು ತಲೆಯಾಡಿಸಿ ಒಳಗೆ ಹೋದ.

ನಾಡಿದ್ದು ಹಡಗು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಪೊಲೀಸು ಠಾಣೆಯಲ್ಲೊಂದು ಉಪಗ್ರಹ ಫೋನು ಇತ್ತು. ಯುಫೆಮಿ ಕಚೇರಿಗೆ ಮಾಡಿದಾಗಲೆಲ್ಲ ಕಾರ್ಯದರ್ಶಿ ಸಿಗುತ್ತಿದ್ದ. ಮಂತ್ರಿಗಳು ಸಭೆಯಲ್ಲಿದ್ದಾರೆ, ಹಡಗಿನ ಎಂಜಿನ್ನು ನೋಡುತ್ತಿದ್ದಾರೆ, ಸಮುದ್ರ ಸರಿಯಿಲ್ಲ. ಸಮುದ್ರ ಅವಳ ಕಣ್ಣೆದುರೇ ಇತ್ತು, ಹಾಸಿದ ಬಟ್ಟೆಯ ಹಾಗೆ ಸಪಾಟಾಗಿ.

ಹಡಗು ಹೋದ ನಾಲ್ಕನೆಯ ದಿನ ನಸುಕಿನಲ್ಲಿ ಬೆಟ್ಟ ಗುಡುಗಿತು. ಬೆಳಿಗ್ಗೆ ಎದ್ದು ನೋಡಿದರೆ ನೀರೇ ಕಾಣದು. ಬೂದುಬಣ್ಣದ ಹಗುರ ನೊರೆಗಲ್ಲು ತೇಲಿ ಬಂದು ಕೊಲ್ಲಿಯನ್ನು ಮುಚ್ಚಿಬಿಟ್ಟಿತ್ತು. ಒಝಾನ್ ದೋಣಿ ಬಿಚ್ಚಿ ನೋಡಿದ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಎಂಜಿನ್ನು ಕಲ್ಲು ನುಂಗಿ ಕೆಮ್ಮಿ ಸತ್ತಿತು. ಹುಟ್ಟು ಹಾಕಿಕೊಂಡು ಹಿಂದಕ್ಕೆ ಬಂದ. ಅಂಗಳದಲ್ಲಿ ಯುಫೆಮಿಯ ಪಕ್ಕದಿಂದಲೇ ಹಾದುಹೋದ, ಏನೂ ಅನ್ನಲಿಲ್ಲ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅದೇ ಮಧ್ಯಾಹ್ನ ಸೇಂಟ್ ಮೆದಾರ್ ರೇಡಿಯೋದಲ್ಲಿ ಲಿಯಾಂಡರ್ ದನಿ ಕೇಳಿತು. ಅವನದು ಮೊದಲಿನಿಂದಲೂ ಸೊಗಸಾದ ದನಿ. ಇನ್ನೂರ ಹತ್ತು ನೆರೆಯವರನ್ನು ನಮ್ಮ ಪುಟ್ಟ ದೇಶ ಅಪ್ಪಿಕೊಂಡಿದೆ ಎಂದ. ಲಾ ರವೀನ್‌ನಲ್ಲಿ ಒಂದು ಜೀವವೂ ಹೋಗಿಲ್ಲವಾದ್ದರಿಂದ ಮಂತ್ರಿಮಂಡಲ ಇದನ್ನು ವಿಪತ್ತು ಎಂದಲ್ಲ, ನೈಸರ್ಗಿಕ ಘಟನೆ ಎಂದು ಪರಿಗಣಿಸಿದೆ. ಮುಂದಿನ ಕ್ರಮವನ್ನು ಪರಿಶೀಲಿಸಲಾಗುವುದು ಎಂದ. ನೂರ ಅರವತ್ತಮೂರು ಜನ ಶಾಲೆಯ ಜಗುಲಿಯ ಮೇಲೆ ಕೂತು ಅದನ್ನು ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ಯುಫೆಮಿಯ ಕಡೆ ತಿರುಗಿದರು.

ತಾನು ಟೈಪು ಮಾಡಿದ ಸಾಲು ಅವಳ ಕಿವಿಯಲ್ಲಿ ಅಕ್ಷರ ಅಕ್ಷರವಾಗಿ ಕುಟ್ಟುತ್ತಿತ್ತು.

ಆರನೆಯ ದಿನ ಒಝಾನ್‌ನ ತಾಯಿ ಸಿಂತಿ ತೀರಿಕೊಂಡಳು. ಮೊದಲೇ ಉಬ್ಬಸದವಳು, ಮೊದಲ ಹಡಗಿಗೆ ಹತ್ತಿಸಲು ಯುಫೆಮಿ ಕರೆದಾಗ, "ಮಗನ್ನ ಬಿಟ್ಟು ನಾನ್ಯಾಕೆ ಹೋಗ್ಲಿ? ಎರಡು ದಿನ ತಾನೇ," ಎಂದು ಕೂತುಬಿಟ್ಟಿದ್ದಳು. ಒದ್ದೆ ಬಟ್ಟೆಯನ್ನು ಬಾಯಿಗೆ ಹಿಡಿದು ಯುಫೆಮಿಯೇ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಶಾಲೆಯ ಹಿಂದೆ ಮಣ್ಣು ಮಾಡಿದರು. ಯುಫೆಮಿ ಠಾಣೆಗೆ ಓಡಿ ಕಾರ್ಯದರ್ಶಿಗೆ ಹೇಳಿದಳು, "ಈಗ ಒಂದು ಜೀವ ಹೋಗಿದೆ. ಬರ್ಕೊಳ್ಳಿ. ಹಡಗು ಕಳಿಸಿ."

"ವಯಸ್ಸೆಷ್ಟು ಮಿಸ್ ಶಾರ್ಲೆರಿ?"

"ಎಪ್ಪತ್ತೊಂಬತ್ತು."

"ಸಹಜ ಸಾವು ಅಂತಾರಲ್ಲ," ಎಂದ ಕಾರ್ಯದರ್ಶಿ, ಮೆಲ್ಲಗೆ.

ಎಂಟನೆಯ ದಿನ ಉತ್ತರದ ಒಂದು ದೇಶದ ನೌಕಾಪಡೆಯ ಹಡಗು ಕಲ್ಲಿನ ರಾಶಿಯನ್ನು ಸೀಳಿಕೊಂಡು ಬಂತು. ಅದು ಹೋಗುವುದು ಉತ್ತರಕ್ಕೇ, ಎರಡು ದಿನದ ದೂರಕ್ಕೆ. ಸೇಂಟ್ ಮೆದಾರ್‌ನಲ್ಲಿ ಇಳಿಸಲು ಅನುಮತಿ ಸಿಕ್ಕಿಲ್ಲ ಎಂದರು. ಬೇರೆ ದಾರಿಯಿರಲಿಲ್ಲ, ಎಲ್ಲರೂ ಹತ್ತಿದರು. ಆ ದೇಶದ ರೇವಿನಲ್ಲಿ ಇಳಿಯುವಾಗ ಸಾಲು ಎರಡಾಯಿತು. ಯುಫೆಮಿಯನ್ನು ಬೇರೆ ಕಡೆ ನಿಲ್ಲಿಸಿದರು. ಆಗ ಒಝಾನ್ ಬಾಯಿಬಿಟ್ಟ.

"ನಿಮ್ಮ ಪಾಸ್‌ಪೋರ್ಟು ನಿಮ್ಮನ್ನ ಮನೆಗೆ ಕರ್ಕೊಂಡು ಹೋಗುತ್ತೆ ಮಿಸ್. ನನ್ನ ಮಕ್ಕಳು ಇರೋದೂ ಅಲ್ಲೇ. ಅವರಿಗೆ ಏನಂತ ಹೇಳ್ತೀರಿ?"

ಅಧಿಕಾರಿಯೊಬ್ಬ ಕೈ ಚಾಚಿದ, ಅವಳು ಪಾಸ್‌ಪೋರ್ಟು ಕೊಟ್ಟಳು.

ವಿಮಾನದಲ್ಲಿ ಊರಿಗೆ ಬಂದವಳು ಮನೆಗೂ ಹೋಗದೆ ಬಂದರಿಗೆ ಹೋದಳು. ಇಗ್ನೇಸ್ ಹಡಗಿನ ಡೆಕ್ಕಿಗೆ ಬಣ್ಣ ಬಳಿಯುತ್ತಿದ್ದ.

"ನಿನ್ನ ಎಂಜಿನ್ನಿಗೆ ಏನಾಗಿತ್ತು ಇಗ್ನೇಸ್?"

"ನನ್ನ ಎಂಜಿನ್ನಿಗಾ? ಏನೂ ಆಗಿಲ್ಲ, ಕಲ್ಲು ಹಾಗಿದೆ. ಯಾಕೆ?"

"ಮತ್ತೆ ಎರಡನೇ ಸಾರಿ ಯಾಕೆ ಬರ್ಲಿಲ್ಲ?"

ಅವನು ಕುಂಚ ಕೆಳಗಿಟ್ಟ. "ಮಿಸ್, ನನಗೆ ಹೇಳಿದ್ದೇ ಒಂದು ಸಾರಿ. ನೀವು ನಾಡಿದ್ದು ಅಂದಾಗ ಬೇರೆ ಯಾವುದೋ ಹಡಗು ಗೊತ್ತು ಮಾಡಿರ್ತಾರೆ ಅಂದ್ಕೊಂಡೆ." ಕೋಣೆಗೆ ಹೋಗಿ ಕಚೇರಿಯ ಆದೇಶ ತಂದು ಕೊಟ್ಟ. ಹೋಗಿ ಬರುವುದು, ಒಂದು ಸಾರಿ. ಕೆಳಗೆ ಲಿಯಾಂಡರ್‌ನ ಸಹಿ. ಅವಳು ಹಡಗು ಹತ್ತಿದ ಹಿಂದಿನ ದಿನದ ತಾರೀಕು.

ಅದನ್ನು ಕೈಯಲ್ಲಿ ಹಿಡಿದೇ ಅವಳು ಅಂಚೆಮನೆಯ ಮೆಟ್ಟಿಲು ಹತ್ತಿದಳು. ಲಿಯಾಂಡರ್ ಅವಳನ್ನು ಕಂಡು ಎರಡೂ ಕೈ ಚಾಚಿ ಎದ್ದ. "ಫೆಮಿ! ದೇವರು ದೊಡ್ಡವನು. ಎಷ್ಟು ಬಡವಾಗಿದ್ದೀಯೇ! ಕೂತ್ಕೋ, ಕೋಕೋ ತರಿಸ್ತೀನಿ."

ಅವಳು ಆದೇಶವನ್ನು ಮೇಜಿನ ಮೇಲೆ ಇಟ್ಟಳು. ಅವನು ಓದಲಿಲ್ಲ. ಓದುವ ಅಗತ್ಯವಿರಲಿಲ್ಲ.

"ನೋಡು," ಎಂದ, ಬಾಗಿಲು ಮುಚ್ಚಿ. "ನಮಗೆ ಹೊಸ ಬಂದರು ಕಟ್ಟಿಸಿಕೊಡ್ತೀನಿ ಅಂದಿರೋ ದೇಶಕ್ಕೂ ಲಾ ರವೀನ್ ಸರ್ಕಾರಕ್ಕೂ ಆಗಿಬರಲ್ಲ. ನಿನಗೂ ಗೊತ್ತು. ಅವರ ರಾಯಭಾರಿ ನನ್ನೆದುರೇ ಕೂತು ಹೇಳಿದ: ಇನ್ನೂರು ಜನ ಅಂದ್ರೆ ಕರುಣೆ, ಎಲ್ಲರೂ ಅಂದ್ರೆ ಪಕ್ಷ ವಹಿಸಿದ ಹಾಗೆ. ನಾನೇನು ಮಾಡ್ಲಿ? ಇನ್ನೂರ ಹತ್ತು ಜನ ಬದುಕಿದ್ರು. ಅದು ಸಣ್ಣದಾ?"

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋಗ್ತಿದ್ಯಾ?"

"ಹೋಗ್ತಿದ್ದೆ. ನಿಜ ಹೇಳ್ತಿದ್ದೆ. ಒಂದೇ ಹಡಗು ಅಂತ ಗೊತ್ತಾಗಿದ್ರೆ ಅವರು ತಮ್ಮ ದೋಣಿಯಲ್ಲಿ ಬರ್ತಿದ್ರು, ಲಿಯಾಂಡರ್. ಮೊದಲ ಮೂರು ದಿನ ಸಮುದ್ರ ತೆರೆದೇ ಇತ್ತು. ಹತ್ತಾರು ದೋಣಿ ಇದ್ವು. ಎಲ್ಲವನ್ನೂ ದಡಕ್ಕೆ ಕಟ್ಟಿಸಿದ್ದು ನಾನು."

ಅವನು ಕಿಟಕಿಯ ಕಡೆ ನೋಡಿದ. ಆಗ ಅವಳಿಗೆ ಉಳಿದದ್ದೂ ಹೊಳೆಯಿತು. ದೋಣಿಗಳು ಬರಬಾರದೆಂದೇ ಅವಳನ್ನು ಕಳಿಸಿದ್ದು. ಅವಳು ಅಲ್ಲಿದ್ದಷ್ಟು ದಿನ ಯಾರೂ ಹೊರಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ನ್ಯೂಯಾರ್ಕಿನಲ್ಲಿ ಮುಂದಿನ ತಿಂಗಳು ಸಭೆ ಇದೆ," ಎಂದ ಲಿಯಾಂಡರ್, ದನಿ ತಗ್ಗಿಸಿ. "ನಮ್ಮ ನೀತಿಯ ಬಗ್ಗೆ ಮಾತಾಡು ಅಂತ ಕರೆದಿದ್ದಾರೆ. ಜನಸಂಖ್ಯೆಯ ಲೆಕ್ಕದಲ್ಲಿ ಯಾವ ದೊಡ್ಡ ದೇಶವೂ ನಮ್ಮಷ್ಟು ಜನರನ್ನ ತಗೊಂಡಿಲ್ಲ. ನೀನು ಬಾ. ವೇದಿಕೆ ಮೇಲೆ ನೀನೇ ನಿಲ್ಲು. ಬರೆದವಳು ನೀನಲ್ವಾ?"

ಅವಳು ಆದೇಶವನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ಹೊರಬಿದ್ದಳು.

ಮರುದಿನ ಬೆಳಿಗ್ಗೆ ಊರಿನವರೆಲ್ಲ ಫೋನು ಮಾಡಿ ಮಾತಾಡುವ ರೇಡಿಯೋ ಕಾರ್ಯಕ್ರಮಕ್ಕೆ ಹೋಗಿ ಯುಫೆಮಿ ಎಲ್ಲವನ್ನೂ ಹೇಳಿದಳು. ಆದೇಶ ಓದಿದಳು, ತಾರೀಕು ಓದಿದಳು. ಸಿಂತಿಯ ಹೆಸರನ್ನೂ ವಯಸ್ಸನ್ನೂ ಹೇಳಿದಳು. ಆ ಒಂದು ಸಾಲನ್ನು ಬರೆದದ್ದು ತಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ಕೆಲವರು ಫೋನು ಮಾಡಿ ಅತ್ತರು. "ತಿಂದ ಮನೆಯ ಮಾನ ಕಳೀತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಒಬ್ಬಳು ಕೇಳಿದಳು. ಅದು ಯುಫೆಮಿಯ ಸ್ವಂತ ಅತ್ತಿಗೆಯ ದನಿ.

ಮಧ್ಯಾಹ್ನದೊಳಗೆ ಅವಳ ನೌಕರಿ ಹೋಯಿತು. ಲಿಯಾಂಡರ್‌ಗೆ ಏನೂ ಆಗಲಿಲ್ಲ. ನ್ಯೂಯಾರ್ಕಿಗೆ ಹೋಗಿ ಮಾತಾಡಿ ಚಪ್ಪಾಳೆ ಗಿಟ್ಟಿಸಿ ಬಂದ. ಹೊಸ ಬಂದರಿನ ಕೆಲಸ ಶುರುವಾಯಿತು. ಆದರೆ ರೇಡಿಯೋದ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿತು. ಪಾದ್ರಿಗಳು ಪ್ರಾರ್ಥನೆಯ ನಂತರ ಅದನ್ನೇ ಎತ್ತಿದರು, ಮಾರಿವಾನ್ ಮತ್ತು ಇತರ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸಂಸತ್ತಿನ ಮೆಟ್ಟಿಲ ಮೇಲೆ ಹನ್ನೆರಡು ದಿನ ಕೂತರು. ಕೊನೆಗೆ, ಇಲ್ಲಿ ಹೆಂಡತಿ ಮಕ್ಕಳಿರುವವರು ಬರಬಹುದು ಎಂದು ಸರ್ಕಾರ ಒಪ್ಪಿತು. ಐದು ತಿಂಗಳಾದ ಮೇಲೆ ಅರವತ್ತೊಂದು ಜನ ಬಂದರು. ಉಳಿದವರು ಎಲ್ಲೆಲ್ಲಿಗೋ ಚದುರಿದರು.

ಅವರು ಇಳಿದ ದಿನ ಯುಫೆಮಿ ಬಂದರಿನಲ್ಲಿ ದೂರದ ಕಟ್ಟೆಯ ಮೇಲೆ ನಿಂತಿದ್ದಳು. ಒಝಾನ್ ಮಗಳನ್ನು ಎತ್ತಿಕೊಂಡ. ಕೂಸು ಅವನ ಗುರುತು ಹಿಡಿಯದೆ ಚೀರಿತು. ಮಾರಿವಾನ್ ಗಂಡನ ಕಿವಿಯಲ್ಲಿ ಏನೋ ಹೇಳಿ ಕಟ್ಟೆಯ ಕಡೆ ಕೈ ತೋರಿಸಿದಳು. ಅವನು ಹತ್ತಿರ ಬಂದು ಟೋಪಿ ತೆಗೆದ.

"ನಿಮಗೂ ಮೋಸ ಆಯ್ತು ಅಂತ ಮಾರಿವಾನ್ ಹೇಳಿದ್ಲು ಮಿಸ್. ನಾನು ನಂಬ್ತೀನಿ."

"ಒಝಾನ್, ನಿಮ್ಮಮ್ಮ..."

"ಬೇಡ," ಎಂದ ಅವನು. ಸಿಟ್ಟಿನಿಂದಲ್ಲ. "ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಆದ್ರೆ ನೀವು ಮನೆ ಕಡೆ ಬರಬೇಡಿ. ನಿಮ್ಮ ದನಿ ಕೇಳಿದ್ರೆ ನನಗೆ ಆ ದೋಣಿ ಕಟ್ಟಿದ್ದು ನೆನಪಾಗುತ್ತೆ."

ಅವನು ಟೋಪಿ ಹಾಕಿಕೊಂಡು ತನ್ನವರ ಹತ್ತಿರ ಹೋದ. ಯುಫೆಮಿ ತಲೆಯಾಡಿಸಿದಳು, ಅವನು ನೋಡದಿದ್ದರೂ. ಅವರೆಲ್ಲ ವ್ಯಾನು ಹತ್ತಿ ಗುಡ್ಡದ ತಿರುವು ದಾಟುವವರೆಗೂ ನಿಂತಿದ್ದು, ಆಮೇಲೆ ಬಂದರಿನ ಹೊಸ ಗೋಡೆಯ ಪಕ್ಕದ ರಸ್ತೆಯಲ್ಲಿ ಮನೆಯ ಕಡೆ ನಡೆದಳು.