ಸುಳ್ಳು ನೆರಳು

ಚಟ್ಟ ಎತ್ತಲು ನಾಲ್ವರು ಬಗ್ಗಿದರೂ ಗಣಪಿ ಬಿದಿರನ್ನು ಹಿಡಿದುಕೊಂಡೇ ಇದ್ದಳು. ಮಗ ದಿನಕರನಿಗೆ ಇನ್ನೂ ಮೂವತ್ತೆಂಟು. ತದಡಿಯ ಮೀನುಗಾರರ ಕೇರಿಯಿಂದ ಎಂಜಿನಿಯರಾಗಿ ಪುಣೆ ಸೇರಿದ ಮೊದಲಿಗ.

ಅವನ ಜೊತೆ ಅಲ್ಲಿ ಕೆಲಸ ಮಾಡುತ್ತಿದ್ದ ಭಟ್ಕಳದ ದೇವರಾಜ ಮುದುಕಿಯ ಕೈ ಬಿಡಿಸಲು ಬಂದ.

“ತಮಾ, ನನ್ನ ಮಗ ಅಲ್ಲಿ ಎಂತ ಕೆಲ್ಸ ಮಾಡ್ತಿದ್ದ?”

“ಸ್ಕ್ಯಾನಿಂಗ್ ಯಂತ್ರದ್ದು, ಅಮ್ಮಾ. ಹೊಟ್ಟೆ ಒಳಗೆ ಎಂತ ಅದೆ ಅಂತ ನೋಡುದು.”

“ಹಂಗಾರೆ ಇವ್ನ ಹೊಟ್ಟೆ ಯಾರೂ ನೋಡ್ಲಿಲ್ವಾ?”

ದೇವರಾಜ ಬಿದಿರಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಯಾರೋ ಅವಳನ್ನು ಹಿಂದಕ್ಕೆಳೆದರು. ಚಟ್ಟ ಮೇಲೆದ್ದಿತು.

* * *

ಹಿಂದಿನ ವರ್ಷ, 2002ರ ಮಳೆಗಾಲ. ದಿನಕರ ರೂಪಿಸುತ್ತಿದ್ದ, ಮೈಮೇಲೆ ಒತ್ತಿ ಹಿಡಿಯುವ ಪ್ರೋಬ್‌ನ ಮುಖದಲ್ಲಿ ಉದ್ದಕ್ಕೂ ಅಡ್ಡಕ್ಕೂ ನೂರಾರು ಹರಳಿನ ಚೂರುಗಳಿದ್ದವು. ಅವು ಕಿವಿಗೆ ಕೇಳದ ಶಬ್ದ ಕಳಿಸಿ, ಮರುದನಿ ಹಿಡಿದು, ಒಳಗಿನ ಅಂಗವನ್ನು ಆಳದ ಸಮೇತ ತೋರಿಸಬೇಕು. ಎಲ್ಲಕ್ಕೂ ತಂತಿ ಎಳೆದರೆ ಕೇಬಲ್ ತೋಳಿನಷ್ಟು ದಪ್ಪವಾಗುತ್ತದೆ. ಯಾವ ಚೂರುಗಳನ್ನು ಬಿಡಬಹುದೆಂದು ಆರಿಸುವುದೇ ಅವನ ಕೆಲಸ. ಆಯ್ಕೆ ತಪ್ಪಿದರೆ ಚಿತ್ರದಲ್ಲಿ ಇಲ್ಲದ ನೆರಳು ಮೂಡುತ್ತದೆ.

ಮೊದಲ ಪರೀಕ್ಷೆಯನ್ನು ಅವನು ತನ್ನ ಮೇಲೆಯೇ ಮಾಡಿಕೊಂಡ. ಬಲ ಪಕ್ಕೆಯ ಕೆಳಗೆ, ಪಿತ್ತಕೋಶದ ಪಕ್ಕದಲ್ಲಿ, ಯಕೃತ್ತಿನೊಳಗೆ, ಲಿಂಬೆಯಷ್ಟು ಕಪ್ಪು ಕಲೆ.

“ಸುಳ್ಳು ನೆರಳು, ಮಾರಾಯ. ಚೂರು ಆರಿಸಿದ್ದು ತಪ್ಪಾತು.”

ಹಾಗಾದರೆ ತನ್ನಲ್ಲೂ ಕಾಣಬೇಕೆಂದು ದೇವರಾಜ ಅಂಗಿ ಎತ್ತಿ ಮಲಗಿದ. ಅದೇ ಪ್ರೋಬ್, ಅದೇ ಜಾಗ. ಏನೂ ಇರಲಿಲ್ಲ.

“ನಂದ್ರಲ್ಲಿ ಇಲ್ವಲ, ದಿನಕರ.”

ದಿನಕರ ಪ್ರೋಬನ್ನು ಬಹಳ ಹೊತ್ತು ಒರೆಸಿದ. “ನೀ ಸಪೂರ. ನಂಗೆ ಬೊಜ್ಜು ಅಡ್ಡ ಬರ್ತದೆ.”

ಡಾಕ್ಟರಿಗೆ ತೋರಿಸು ಅನ್ನಬೇಕಿತ್ತು. ದಿನಕರನ ಮುಖ ನೋಡಿ ದೇವರಾಜನಿಗೂ ಹೆದರಿಕೆಯಾಯಿತು. “ಆತು, ಮತ್ತೊಂದ್ಸಲ ನೋಡ್ವ,” ಅಂದ.

ಏಳು ತಿಂಗಳಲ್ಲಿ ನಾಲ್ಕು ವಿನ್ಯಾಸ. ಪ್ರತಿ ಸಲವೂ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ನೆರಳಿನ ಅಂಚೂ ಸ್ಪಷ್ಟವಾಯಿತು.

* * *

ಸ್ಮಶಾನದಿಂದ ಬಂದ ದೇವರಾಜ ಹಿತ್ತಿಲ ಜಗುಲಿಯಲ್ಲಿ ದಿನಕರನ ಹೆಂಡತಿ ರೇಖಾಳ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟ.

“ಅವ್ನಿಗೆ ಗೊತ್ತಿತ್ತು, ಅತ್ಗೆ. ನಂಗೂ ಗೊತ್ತಿತ್ತು.”

ಬೈಯುತ್ತಾಳೆಂದು ಕಾದ. ರೇಖಾ ನೆಲ ನೋಡುತ್ತ ಹೇಳಿದಳು: “ಪ್ಯಾಂಟು ಸಡ್ಲ ಆಗ್ತಾ ಬಂತು. ನಾನೇ ಎರಡು ಸಲ ಹಿಡಿದು ಹೊಲಿದೆ. ಎಂತಕೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬಿಡ್ತಿದ್ರು.”

ಆರು ವರ್ಷದ ಮಗಳು ಅಂಕಿತಾ ಒಳಗಿನಿಂದ ಬಂದು ತಾಯಿಗೆ ಒರಗಿದಳು.

“ಅಮ್ಮಾ, ಹೊಟ್ಟೆ ನೋಯ್ತದೆ.”

ಬೆಳಗಿನಿಂದ ಆ ಮನೆಯ ಒಲೆ ಉರಿದಿರಲಿಲ್ಲ. ಆದರೂ ರೇಖಾ ಮಗುವನ್ನು ಜಗುಲಿಯ ಮೇಲೆ ಅಂಗಾತ ಮಲಗಿಸಿ, ಫ್ರಾಕು ಎತ್ತಿ, ಬಲ ಪಕ್ಕೆಯ ಕೆಳಗೆ ಬೆರಳೂರಿ ಒತ್ತಿದಳು. ದೇವರಾಜ ಬಗ್ಗಿ ನೋಡಿದ.

“ಹಸಿವೆ, ಅಮ್ಮಾ,” ಅಂದಿತು ಮಗು.

ರೇಖಾಳ ಬೆರಳುಗಳು ನಿಲ್ಲಲಿಲ್ಲ.