ಸೋತವನ ಮಾತು

ಒಬ್ಬ ಮೋಟರ್‌ಸೈಕಲ್ ಮೇಲೆ ಕೂತಿರುತ್ತಿದ್ದ, ಇನ್ನೊಬ್ಬ ಅದನ್ನು ನೂಕುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಪಟ್ಟಿಯ ಆ ತುದಿ ನೀರಿನಂತೆ ಅಲುಗುತ್ತಿತ್ತು. ಅವರಿಬ್ಬರೂ ಅದರೊಳಕ್ಕೆ ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಹೋಗುವುದನ್ನು ನಾನು ಗೆರೆಯ ಬಳಿ ನಿಂತು ಹಿಂದಿನಿಂದ ನೋಡುತ್ತಿದ್ದೆ. ಕೊನೆಗೆ ಕೂತವನು ಯಾರು, ನೂಕುವವನು ಯಾರು ಎಂದು ತಿಳಿಯುತ್ತಿರಲಿಲ್ಲ. ಎರಡು ತಲೆಯ, ನಿಧಾನ ನಡೆಯ ಒಂದು ಪ್ರಾಣಿ ಮಾತ್ರ ಉಳಿಯುತ್ತಿತ್ತು.

ಕೂತವನು ಸೋತವನು. ನೂಕುತ್ತಿದ್ದವನು ಗೆದ್ದವನು. ಬೇರೆ ಊರಿನಿಂದ ಓಟ ನೋಡಲು ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ನಮಗೆ ಮಾತ್ರ ಓಟವೆಂದರೆ ಅದರ ಮುಕ್ಕಾಲು ಪಾಲು ಇದೇ ಆಗಿತ್ತು.

ಆ ಪಟ್ಟಿಯನ್ನು ಯಾವುದೋ ಯುದ್ಧದ ಕಾಲಕ್ಕೆ ವಿಮಾನ ಇಳಿಯಲೆಂದು ಮಾಡಿದ್ದರಂತೆ. ವಿಮಾನ ಇಳಿದದ್ದನ್ನು ಕಂಡವರು ಮಾತ್ರ ಊರಲ್ಲಿ ಯಾರೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಅದು ಊರಿನ ಪಾಲಿಗೆ ಬಂತು. ಹೆಂಗಸರು ಅದರ ಮೇಲೆ ಮೆಣಸಿನಕಾಯಿ ಒಣಹಾಕಿದರು, ಹುಡುಗರು ಸೈಕಲ್ ಕಲಿತರು. ಆಮೇಲೆ ಮೋಟರ್‌ಸೈಕಲ್‌ಗಳು ಬಂದವು. ಎರಡು ಗಾಡಿ ಅಕ್ಕಪಕ್ಕ ನಿಲ್ಲಬೇಕು, ಟವೆಲ್ ಬೀಸಿದೊಡನೆ ಹೊರಡಬೇಕು, ಕಾಲು ಮೈಲಿ ನೇರ ಹೋಗಿ ಸುಣ್ಣದ ಗೆರೆ ದಾಟಬೇಕು. ಪಟ್ಟಣದವರು ಇದಕ್ಕೆ ಡ್ರ್ಯಾಗ್ ರೇಸ್ ಎನ್ನುತ್ತಿದ್ದರು. ನಮ್ಮಲ್ಲಿ ಬರೀ ಓಟ.

ನೂಕುವ ಪದ್ಧತಿ ಬಂದದ್ದು ಕಾಶವ್ವನಿಂದ. ಮೆಣಸಿನಕಾಯಿಯ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಮೊದಮೊದಲ ವರ್ಷಗಳಲ್ಲಿ ಗೆದ್ದವನೊಬ್ಬ ಸೋತವನನ್ನು ಹಂಗಿಸಿ, ಮಾತಿಗೆ ಮಾತು ಬೆಳೆದು, ಗಾಡಿಯ ಚೈನಿನಿಂದಲೇ ಹೊಡೆದಾಡಿಕೊಂಡರಂತೆ. ಒಣಗಿಸಿದ ಕಾಯೆಲ್ಲ ಕಾಲ್ತುಳಿತಕ್ಕೆ ಪುಡಿಯಾಗಿ, ಊರಿಗೆ ಊರೇ ಕೆಮ್ಮಿತಂತೆ. ಆಗ ಕಾಶವ್ವ ಪಟ್ಟಿಯ ನಡುವೆ ಕೂತುಬಿಟ್ಟಳು.

"ಓಟ ಬೇಕಂದ್ರ ನನ್ನ ಮಾತು ಕೇಳ್ರಿ. ಗೆದ್ದಾವ ಸೋತಾವನ್ನ ಗಾಡಿ ಮ್ಯಾಲ ಕುಂಡ್ರಿಸಿಕೊಂಡು ಹೊಳ್ಳಿ ನೂಕ್ಕೊಂಡು ಬರಬೇಕು, ಇಂಜಿನ್ ಬಂದ್ ಮಾಡಿ. ಬಾಯಿ ಪಿಟಕ್ ಅನ್ನಂಗಿಲ್ಲ. ಸೋತಾವ ಏನು ಬೇಕಾದ್ದು ಅನ್ನಲಿ, ಬೈಲಿ, ಅಳಲಿ. ಗೆದ್ದಾವ ಕೇಳಬೇಕು. ಈ ತುದಿ ಮುಟ್ಟೂತನ ಅಷ್ಟ. ಮುಟ್ಟಿದ ಮ್ಯಾಲ ಆ ಮಾತು ಅಲ್ಲೇ ಸತ್ತಂಗ."

ಅಂದಿನಿಂದ ಪಟ್ಟಿಯ ಮೇಲೆ ಜಗಳವಾಗಲಿಲ್ಲ. ಸೋತವರು ಬೈಯುತ್ತಿದ್ದರು, ಕೆಲವರು ಸುಮ್ಮನಿರುತ್ತಿದ್ದರು. ಓಟ ಸೋತದ್ದನ್ನು ಮರೆತು ಮನೆಯ ಕಷ್ಟ ಹೇಳಿಕೊಂಡವರೂ ಇದ್ದರಂತೆ. ಹೇಳಿದ್ದೇನೆಂದು ಯಾರೂ ಯಾರನ್ನೂ ಕೇಳುವ ಹಾಗಿರಲಿಲ್ಲ.

ಪದವಿ ಮುಗಿಸಿ, ಮುಂದೇನು ಎಂದು ತಿಳಿಯದೆ ನಾನು ಊರಲ್ಲಿದ್ದ ಕಾಲ ಅದು. ನನಗೆ ಗಾಡಿಗಳ ಮೇಲೆ ಅಂಥ ಮೋಹವಿರಲಿಲ್ಲ. ಆದರೂ ಮುಗಿಯುವ ಗೆರೆಯ ಬಳಿ ಬಾವುಟ ಹಿಡಿದು ನಿಲ್ಲುವ ಕೆಲಸಕ್ಕೆ, ಅಷ್ಟು ಗಂಡಸರ ನಡುವೆ ಒಬ್ಬಳೇ ಹುಡುಗಿ, ನಾನಾಗಿಯೇ ಹೋಗಿದ್ದೆ. ಎರಡು ಇಂಜಿನ್‌ಗಳು ನನ್ನನ್ನು ದಾಟಿ ಹೋಗಿ ಆರಿದ ಮೇಲೆ ಅಲ್ಲಿ ಉಳಿಯುತ್ತಿದ್ದ ನಿಶ್ಶಬ್ದ ಬೇರೆಲ್ಲೂ ಸಿಗುತ್ತಿರಲಿಲ್ಲ. ಮನೆಯಲ್ಲಿಯೂ ನಿಶ್ಶಬ್ದವಿತ್ತು. ಅದರಲ್ಲಿ ಮಾತ್ರ ಉಸಿರು ಕಟ್ಟುತ್ತಿತ್ತು.

ನನ್ನ ಅಪ್ಪ ಪದ್ಮಣ್ಣ ಗ್ಯಾರೇಜಿನವರು. ಅವರ ಜೊತೆಗಾರ ಫಕೀರಪ್ಪ ಕಾಕಾ. ಅಪ್ಪ ಇಂಜಿನ್ ಕಟ್ಟುತ್ತಿದ್ದರು, ಕಾಕಾ ಓಡಿಸುತ್ತಿದ್ದರು. ಇಬ್ಬರೂ ಒಂದೇ ಗಡಿಗೆಯ ನೀರು ಕುಡಿದು, ಒಂದೇ ಬುತ್ತಿಯ ರೊಟ್ಟಿ ತಿಂದು ಬೆಳೆಸಿದ ಗ್ಯಾರೇಜು. ಕಾಕಾ ಗೆರೆ ದಾಟುವಾಗ ಅಪ್ಪ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದರು.

ನಾನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ವರ್ಷ ಕಾಕಾ ಬಿದ್ದರು. ಗೆರೆ ದಾಟಿದ ಮೇಲೆ ಹಿಂದಿನ ಗಾಲಿ ಜಾರಿ, ಗಾಡಿ ಒಂದು ಕಡೆ, ಕಾಕಾ ಒಂದು ಕಡೆ. ಹೆಗಲ ಮೂಳೆ ಮುರಿದಿತ್ತು, ಬೆನ್ನಿನ ಚರ್ಮ ಹೋಗಿತ್ತು. ಅವರನ್ನು ಗಾಡಿಯ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದವರು ಅಪ್ಪ. ವಾಸಿಯಾಗುವ ತನಕ ದಿನಾ ಹೋಗಿ ಕೂತು ಬರುತ್ತಿದ್ದವರೂ ಅಪ್ಪನೇ.

ಮರುವರ್ಷದ ಓಟದ ದಿನ ಕಾಕಾ ಹೊಸ ಅಂಗಿ ತೊಟ್ಟು ಹೊರಡುವ ಗೆರೆಗೆ ಬಂದು ನಿಂತರು. ಮೈಕ್ ಹಿಡಿಯುತ್ತಿದ್ದ ಅಂದಾನಪ್ಪ ಎಲ್ಲರ ಹೆಸರು ಕೂಗಿದ, ಅವರದೊಂದನ್ನು ಬಿಟ್ಟು. ಯಾಕೆಂದು ಕೇಳಿದಾಗ ಅಂದಾನಪ್ಪ ನೆಲ ನೋಡುತ್ತ ಹೇಳಿದ: "ಪದ್ಮಣ್ಣ ಬ್ಯಾಡ ಅಂದಾನ. ಅವಗ ಗಾಡಿ ಕೊಡಬ್ಯಾಡ್ರಿ, ಕೊಟ್ರ ಇನ್ನ ಮ್ಯಾಲ ನಾ ಯಾರ ಇಂಜಿನ್ನೂ ಮುಟ್ಟೋದಿಲ್ಲ ಅಂತ ಹಿರಿಯಾರ ಮುಂದ ಹೇಳ್ಯಾನ."

ಕಾಕಾ ಅಪ್ಪನತ್ತ ತಿರುಗಿದರು. ಅಷ್ಟು ಜನ ನೋಡುತ್ತಿದ್ದರು. ಕಾಕಾ ಹೆಲ್ಮೆಟ್ಟನ್ನು ನೆಲಕ್ಕೆ ಕುಕ್ಕಿ ನಡೆದುಬಿಟ್ಟರು. ಮರುದಿನ ಗ್ಯಾರೇಜಿನಿಂದ ತಮ್ಮ ಸಾಮಾನು ಒಯ್ದು, ಊರಿನ ಆಚೆ ಬದಿಯ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟರು.

ಆಮೇಲೆ ವರ್ಷಗಳು ಹೋದವು. ಅಪ್ಪ ಕೆಲಸ ಮಾಡುತ್ತಿದ್ದರು, ಉಣ್ಣುತ್ತಿದ್ದರು, ರಾತ್ರಿ ನಿದ್ದೆ ಬಾರದೆ ಅಂಗಳದಲ್ಲಿ ಎದ್ದು ಕೂರುತ್ತಿದ್ದರು. ಅವ್ವ ಒಮ್ಮೆ ಸಿಟ್ಟಿನಿಂದಲೇ ಅಂದಿದ್ದಳು: "ಹೋಗಿ ಒಂದು ಮಾತು ಆಡಿದ್ರ ನಿಮ್ಮ ಗಂಟೇನು ಹೋಗ್ತೈತಿ?" ಅಪ್ಪ, "ಯಾ ಬಾಯ್ಲೆ ಆಡ್ಲಿ?" ಎಂದು ಎದ್ದು ಹೋಗಿದ್ದರು.

ಕೊನೆಗೊಂದು ದಿನ ಸುದ್ದಿ ಬಂತು. ಪಟ್ಟಿಯ ಮೇಲೆ ಮತ್ತೆ ವಿಮಾನ ಇಳಿಯುತ್ತದಂತೆ, ಸುತ್ತ ತಂತಿಬೇಲಿ ಹಾಕುತ್ತಾರಂತೆ. ಬರುವ ರವಿವಾರದ್ದೇ ಕೊನೆಯ ಓಟ.

ಆ ರವಿವಾರ ಜನವೋ ಜನ. ಕೊನೆಯ ದಿನವಾದ್ದರಿಂದ ಹೆಸರು ಬರೆಸುವ ಗೋಜಿರಲಿಲ್ಲ. ಯಾರು ಯಾರನ್ನು ಬೇಕಾದರೂ ಕರೆಯಬಹುದಿತ್ತು. ಕರೆಯುವುದೆಂದರೆ ಹೆಗಲ ಮೇಲಿನ ಟವೆಲ್ಲನ್ನು ಅವನ ಮುಂದೆ ಹಾಸುವುದು. ಓಟಗಳೆಲ್ಲ ಮುಗಿಯುತ್ತ ಬಂದಾಗ, ಜನ್ಮದಲ್ಲಿ ಒಮ್ಮೆಯೂ ಗೆರೆಗೆ ನಿಲ್ಲದ ನನ್ನ ಅಪ್ಪ ಗುಂಪನ್ನು ಸೀಳಿಕೊಂಡು ಹೋದರು. ಹಿಂದೆಲ್ಲೋ ಕಡಲೆಕಾಯಿ ತಿನ್ನುತ್ತ ನಿಂತಿದ್ದ ಫಕೀರಪ್ಪ ಕಾಕಾನ ಕಾಲ ಬಳಿ ಟವೆಲ್ ಹಾಸಿದರು.

ಮುಗಿಯುವ ಗೆರೆಯ ಬಳಿ ಇದ್ದ ನಾನು ಇದನ್ನು ಕಣ್ಣಾರೆ ಕಾಣಲಿಲ್ಲ. ಮೈಕಿನಲ್ಲಿ ಕೇಳಿದೆ.

"ಏ, ನೋಡ್ರಪಾ ನೋಡ್ರಿ! ಪದ್ಮಣ್ಣ ಫಕೀರಪ್ಪನ್ನ ಕರದಾನ! ಪದ್ಮಣ್ಣಾ, ಗಾಡಿಗೆ ಬ್ರೇಕ್ ಯಾ ಕಡಿ ಇರ್ತೈತಿ ಗೊತ್ತೈತೇನೋ?"

ಜನ ಹೋ ಎಂದು ನಕ್ಕರು. ಕಾಕಾ ಟವೆಲ್ಲನ್ನು ದಾಟಿ ಹೋಗಿಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು. ಬೇಲಿ ಬಿದ್ದ ಮೇಲೆ ಇವರಿಬ್ಬರನ್ನು ಒಂದು ದಾರಿಯಲ್ಲಿ ನಡೆಸುವ ಪದ್ಧತಿ ಊರಲ್ಲಿ ಇನ್ನಾವುದೂ ಇರಲಿಲ್ಲ. ಅಪ್ಪ ಸೋಲಲೆಂದೇ ಹೋಗಿದ್ದಾರೆ ಎಂಬುದು ನನಗೆ ಆಗ ಹೊಳೆಯಿತು. ಸೋತವನಿಗೆ ಮಾತಿನ ಹಕ್ಕು ಸಿಗುತ್ತದೆ, ಗೆದ್ದವನು ಕೇಳಲೇಬೇಕು.

"ಟವೆಲ್ ಎತ್ತಿದ! ಫಕೀರಪ್ಪ ಟವೆಲ್ ಎತ್ತಿದ! ಯಾರರೆ ಅವಗೊಂದು ಗಾಡಿ ಕೊಡ್ರಪಾ!"

ಹೊರಟ ಸದ್ದು ಕೇಳಿತು. ಎರಡು ಚುಕ್ಕೆಗಳು ಕಂಡವು. ಕಾಕಾ ಮುಂದೆ ಬರುತ್ತಾರೆ, ಅಪ್ಪ ಹಿಂದೆ ಉಳಿಯುತ್ತಾರೆ ಎಂದುಕೊಂಡಿದ್ದೆ. ಎರಡೂ ಚುಕ್ಕೆಗಳು ಒಂದೇ ಸಮನೆ ಇದ್ದವು. ಹತ್ತಿರವಾಗುತ್ತಿರಲಿಲ್ಲ, ದೊಡ್ಡವಾಗುತ್ತಿರಲಿಲ್ಲ. ಅಪ್ಪ ಗಾಡಿಯನ್ನು ನಿಧಾನ ಮಾಡಿದರು. ಕಾಕಾ ಅದಕ್ಕಿಂತ ನಿಧಾನ ಮಾಡಿದರು. ಅಪ್ಪ ಹಿಂತಿರುಗಿ ನೋಡಿ ಇನ್ನಷ್ಟು ಇಳಿಸಿದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಕಾಲು ನೆಲಕ್ಕೆ ತಾಗಿಸಿಕೊಂಡು ಬರತೊಡಗಿದರು.

"ಲೇ, ಮದುವಿ ಮೆರವಣಿಗಿ ಹೊಂಟದೇನ್ಲೇ!" ಎಂದು ಬದಿಯಲ್ಲಿದ್ದವನೊಬ್ಬ ಕೂಗಿದ.

"ನಮ್ಮ ಎಮ್ಮಿ ಬಿಡ್ತೀನಿ, ಇಬ್ರನ್ನೂ ಸೋಲಸ್ತೈತಿ!"

ಅಂದಾನಪ್ಪ ಮೈಕ್ ಹಿಡಿದುಕೊಂಡೇ ಪಟ್ಟಿಯ ಪಕ್ಕ ಓಡುತ್ತ ಬರುತ್ತಿದ್ದ. ವೈರು ಮುಗಿದು ಹೋಗಿ, ಬರಿಗಂಟಲಲ್ಲಿಯೇ ಕಿರುಚುತ್ತಿದ್ದ. ಸುಣ್ಣದ ಗೆರೆಗೆ ಒಂದು ಮಾರು ಉಳಿದಿದೆ ಎನ್ನುವಾಗ ಎರಡೂ ಗಾಡಿಗಳು ನಿಂತವು. ಇಂಜಿನ್ ಕೂಡ ಆರಿದವು. ಇಬ್ಬರೂ ಗೆರೆಯನ್ನು ನೋಡುತ್ತ ಕೂತರು. ಯಾರೂ ಮುಂದೆ ಹೋಗಲಿಲ್ಲ.

ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅವರು ಕಂಡುಕೊಂಡಿದ್ದ ಒಂದೇ ದಾರಿಯನ್ನು ಕಾಕಾ ಮುಚ್ಚಿದಂತಾಗಿತ್ತು. ಇನ್ನು ಕಾಕಾ... ಅವರ ಎರಡೂ ಕೈಗಳು ಹ್ಯಾಂಡಲ್ ಹಿಡಿದು ನಡುಗುತ್ತಿದ್ದವು. ನಾನು ಅದನ್ನು ನೋಡಿ ಕೋಪವೆಂದು ತಿಳಿದೆ.

ಆಗ ಕಾಶವ್ವ ಬಂದಳು. ಅಷ್ಟು ಹೊತ್ತಿಗೆ ತೀರ ಬಾಗಿಹೋಗಿದ್ದಳು. ನಾಲ್ಕು ಹೆಂಗಸರು ಹಿಡಿದುಕೊಂಡಿದ್ದರು.

"ಯಾಂವ ಸೋತ?" ಎಂದು ಕೇಳಿದಳು.

"ನಾ ಸೋತೆ" ಎಂದರು ಅಪ್ಪ.

"ಏ, ನಾ ಸೋತೀನಿ" ಎಂದರು ಕಾಕಾ.

ಕಾಶವ್ವ ಇಬ್ಬರನ್ನೂ ನೋಡಿದಳು. "ಹಂಗಾದ್ರ ಇಬ್ರೂ ಸೋತ್ರಿ. ನಿಮ್ಮನ್ನ ನೂಕಾಕ ಯಾರೂ ಇಲ್ಲ, ಇಳೀರಿ ಕೆಳಗ. ನಿಮ್ಮ ನಿಮ್ಮ ಗಾಡಿ ನೀವ ನೂಕ್ರಿ. ಮಾತು ಇಬ್ರಿಗೂ ಐತಿ." ಆಮೇಲೆ ಗುಂಪಿನ ಕಡೆ ತಿರುಗಿ, "ನೀವೇನು ಬಾಯಿ ತಕ್ಕೊಂಡು ನಿಂತೀರಿ? ಸರೀರಿ ಅತ್ತಾಗ" ಎಂದಳು.

ಪಟ್ಟಿಯ ಅಂಚಿನ ಗುರುತಿಗೆಂದು ಬದಿಯುದ್ದಕ್ಕೂ ಇಟ್ಟ ಸುಣ್ಣ ಬಳಿದ ಡಬ್ಬಿಗಳನ್ನು ಎತ್ತಿಕೊಂಡು ಬರುವುದು ನನ್ನ ಕೆಲಸ. ಹಾಗಾಗಿ ಅವರ ಹಿಂದೆ, ಅಷ್ಟು ದೂರದಲ್ಲಿ, ನಾನೊಬ್ಬಳೇ ನಡೆದೆ. ಎಂದಿನ ಎರಡು ತಲೆಯ ಪ್ರಾಣಿ ಅಂದು ಎರಡಾಗಿ ಸೀಳಿಕೊಂಡು ಅಕ್ಕಪಕ್ಕ ಹೋಗುತ್ತಿತ್ತು. ಮಾತಿನ ಹಕ್ಕು ಇಬ್ಬರಿಗೂ ಇತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಗಾಲಿಗಳ ಕೆಳಗೆ ಹಳೆಯ ಮೆಣಸಿನ ಬೀಜಗಳು ಚಿಟಿಚಿಟಿ ಎನ್ನುತ್ತಿದ್ದವು. ಪಟ್ಟಿಯ ಅರ್ಧ ಕಳೆಯಿತು. ಹೀಗೇ ತುದಿ ಮುಟ್ಟಿಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

ಆಮೇಲೆ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು.

"ನೀ ಹೇಳು" ಎಂದರು ಅಪ್ಪ.

"ಇಲ್ಲ, ನೀನ ಹೇಳು."

"ಕರದಾವ ನಾನು. ಆದ್ರೂ ನೀ ಹೇಳು. ಬೈಯೋದಿದ್ರ ಬೈದುಬಿಡು ಫಕೀರ."

ಕಾಕಾ ನಿಂತರು. ನಾನೂ ನಿಂತೆ. ಗಾಳಿ ನನ್ನ ಕಡೆಗೆ ಬೀಸುತ್ತಿತ್ತು.

"ಬಿದ್ದ ಮ್ಯಾಲ ನನ್ನೊಳಗ ಅಂಜಿಕಿ ಹೊಕ್ಕಿತ್ತು" ಎಂದರು ಕಾಕಾ. "ಗಾಡಿ ಸಪ್ಪಳ ಕೇಳಿದ್ರ ಎದ್ದು ಹಿತ್ತಲಕ್ಕ ಹೋಗಿ ನಿಂದ್ರತಿದ್ದೆ. ಯಾರ ಮುಂದ ಹೇಳ್ಲಿ? ಫಕೀರಪ್ಪ ಅಂಜ್ಯಾನ ಅಂತ ಹೆಂಗ ಅನ್ನಿಸಿಕೊಳ್ಲಿ? ಆವತ್ತು ಹೊಸ ಅಂಗಿ ಹಾಕ್ಕೊಂಡು ಬಂದೆ. ಭಗವಂತಾ, ಭೂಮಿ ಬಿರಿಲಿ, ಮಳಿ ಬರ್ಲಿ, ಏನರೆ ಆಗಿ ಓಟ ನಿಲ್ಲಲಿ ಅಂತ ಬೇಡ್ಕೊಂಡೆ. ಅಷ್ಟರಾಗ ನನ್ನ ಹೆಸರು ಕೂಗಲಿಲ್ಲ. ಪದ್ಮಣ್ಣಾ, ಜೀವ ಬಂತು ನೋಡು."

ಅಪ್ಪ ಗಾಡಿಯನ್ನು ಹಿಡಿದುಕೊಂಡೇ ಅವರನ್ನು ನೋಡುತ್ತಿದ್ದರು.

"ಮತ್ತ... ಸಿಟ್ಟಾಗಿ ಹೋದೆಲ್ಲೋ?"

"ಮತ್ತೇನು ಮಾಡ್ಲಿ? ಅಷ್ಟು ಮಂದಿ ಮುಂದ ಹೆಸರು ತಗಿಸಿಕೊಂಡಾವ ನಕ್ಕೋತ ನಿಂದ್ರಾಕ ಬರ್ತದೇನು? ಮಂದಿಗೆ ಅಂತ ಸಿಟ್ಟು ಮಾಡಿದೆ. ಒಮ್ಮೆ ಮಾಡಿದ ಮ್ಯಾಲ ಅದನ್ನ ಇಳಸೂದು ಹೆಂಗಂತ ತಿಳೀಲಿಲ್ಲ. ನೀನರೆ ಬರ್ತಿ ಅಂದ್ರ ನೀ ಬರ್ಲಿಲ್ಲ."

"ನಿನ್ನ ಕೇಳದನ ನಿನ್ನ ಗಾಡಿ ಕಸಗೊಂಡೆ ನಾನು. ಇನ್ನೊಮ್ಮೆ ಬಿದ್ರ ನಿನ್ನ ಎತ್ತಾಕ ನನ್ನ ಕೈಯಾಗ ಆಗೂದಿಲ್ಲ ಅನ್ನಿಸ್ತು, ಹೋಗಿ ಹೇಳಿಬಿಟ್ಟೆ. ಆಮ್ಯಾಗ ಯಾ ಮುಖ ಹೊತ್ತು ಬರ್ಲೋ? ಎಷ್ಟು ಸಲ ನಿನ್ನ ಅಂಗಡಿ ಮುಂದ ಹಾದು ಹೋಗೀನಿ. ಅಲ್ಲೇ ಗಾಲಿ ಪಂಕ್ಚರ್ ಆಗ್ಲಿ, ಇಳಿಯಾಕ ಒಂದು ನೆಪ ಸಿಗ್ಲಿ ಅಂತ."

"ನಾ ನೋಡಿಲ್ಲೇನು? ದಿನಾ ಹೋಗ್ತಿದ್ದಿ. ನಿನ್ನ ಗಾಲಿ ಹೆಂಗ ಪಂಕ್ಚರ್ ಆದಾವು, ಕೂಸಿನಂಗ ನೋಡ್ಕೋತಿ. ಒಮ್ಮೆ ಸಿಟ್ಟು ಬಂದು ರಸ್ತೆದಾಗ ನಾನ ಒಂದು ಮೊಳಿ ಒಗದೆ."

"ಆಮ್ಯಾಗ?"

"ಪೋಸ್ಟಿನವನ ಸೈಕಲ್ ಪಂಕ್ಚರ್ ಆತು."

ಅಪ್ಪನಿಗೆ ಮೊದಲು ನಗು ಬರಲಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಕಾದ ಡಾಂಬರಿನ ಮೇಲೆ ಹಾಗೇ ಕೂತುಬಿಟ್ಟರು. ಆಮೇಲೆ ಅವರ ಭುಜ ಅಲುಗಿದ್ದು ಕಂಡಿತು. ಅಳುತ್ತಿದ್ದಾರೆಂದು ನಾನು ಡಬ್ಬಿಗಳನ್ನು ಕೆಳಗಿಟ್ಟೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ನಗುತ್ತಿದ್ದರು. ಕಾಕಾ, "ಏಳೋ ಮಾರಾಯ, ಕುಂಡಿ ಸುಟ್ಟೀತು" ಎಂದು ಕೈ ಕೊಟ್ಟರು. ಆ ಕೈ ಇನ್ನೂ ನಡುಗುತ್ತಿತ್ತು. ಅಷ್ಟು ವರ್ಷಗಳ ಮೇಲೆ ಅಂದೇ ಅವರು ಮತ್ತೆ ಗಾಡಿ ಏರಿ ಗೆರೆಗೆ ಬಂದದ್ದೆಂದು ನನಗೆ ತಿಳಿದದ್ದು ಆಗ. ಇಷ್ಟು ಹೇಳುವುದಕ್ಕಾಗಿಯೇ ಅವರು ಆ ಹೆದರಿಕೆಯನ್ನು ಇಡೀ ಪಟ್ಟಿಯುದ್ದಕ್ಕೂ ಹೊತ್ತು ತಂದಿದ್ದರು.

ತುದಿ ಮುಟ್ಟಿದಾಗ ಜನ ಏನಾಯಿತೆಂದು ಕೇಳಲಿಲ್ಲ. ಅಂದಾನಪ್ಪ ಮಾತ್ರ ಗೆದ್ದವರು ಯಾರೆಂದು ಸಾರಬೇಕಾಗಿ ಬಂದು, ಬಹಳ ಹೊತ್ತು ತಲೆ ಕೆರೆದು, ಮೈಕಿನಲ್ಲಿ "ಊಟಕ್ಕ ಹೊತ್ತಾತು" ಎಂದ. ಮರುವಾರ ಬೇಲಿಯ ಕಂಬಗಳು ಬಂದವು. ಕಾಶವ್ವನ ಮೆಣಸಿನಕಾಯಿ ಕೆರೆಯ ಏರಿಗೆ ಹೋಯಿತು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಬುತ್ತಿ ಕೊಡಲು ಗ್ಯಾರೇಜಿಗೆ ಹೋದೆ. ಅಪ್ಪ ಗೋಡೆಗೆ ಒರಗಿ, ಬಾಯಿ ತುಸು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ಕೆಟ್ಟ ಸ್ಕೂಟರ್ ತಂದಿದ್ದ ಗಿರಾಕಿಯೊಬ್ಬ ಏನೋ ಹೇಳಲು ಹೋದ. ಕಾಕಾ ಬೆರಳೆತ್ತಿ ಅವನನ್ನು ತಡೆದು, ಪಕ್ಕದ ಸ್ಟೂಲು ತೋರಿಸಿದರು. ಗಿರಾಕಿ ಕೂತ. ಕಾಕಾ ನಟ್ಟು ಬಿಚ್ಚುತ್ತಿದ್ದ ಪಾನಾವನ್ನು ನೆಲಕ್ಕಿಡಲು ಬಾಗಿದವರು ಅರ್ಧಕ್ಕೇ ನಿಂತು, ಹೆಗಲ ಮೇಲಿನ ಅರಿವೆಯನ್ನು ಮೊದಲು ಸಿಮೆಂಟಿನ ಮೇಲೆ ಹಾಸಿ, ಸದ್ದಾಗದ ಹಾಗೆ ಪಾನಾವನ್ನು ಅದರ ಮೇಲೆ ಮಲಗಿಸಿದರು.